ಹಳೆಯ ಕಾರಿಗೆ ಅಸಲಿ ಬ್ರೇಕು

(ಬೇವೂರಿನಲ್ಲಿ ನೀಡಿದ ಉಪನ್ಯಾಸದ ಬರಹರೂಪ)



ಬಾದಾಮಿ, ಐಹೊಳೆಗಳ ಮಗ್ಗುಲಿನ ಊರಿನಲ್ಲಿ ನಿಂತು ಚಾಲುಕ್ಯರನ್ನು ಬಿಟ್ಟು ಮೋಟಾರು ಗಾಡಿಯ ಬ್ರೇಕಿನ ವಿಷಯ ಎತ್ತುವುದು ಸ್ವಲ್ಪ ವಿಚಿತ್ರವೆನಿಸಬಹುದು. ಆದರೆ ನನ್ನನ್ನು ಇಲ್ಲಿಗೆ ಕರೆದವರು ಕೇಳಿದ ಪ್ರಶ್ನೆಯೇ ಅದು. ಮನೆಯ ಹಿರಿಯರು ಓಡಿಸುತ್ತಿದ್ದ ಅಂಬಾಸಡರ್ ಕಾರು ತಗಡಿನ ಶೆಡ್ಡಿನಲ್ಲಿ ನಿಂತು ಬಹಳ ವರ್ಷಗಳಾಗಿವೆ. ಅದನ್ನು ಮತ್ತೆ ರಸ್ತೆಗೆ ಇಳಿಸಬೇಕು. ಎಂಜಿನ್ ಕೆಲಸ ಆಯಿತು, ಬಣ್ಣ ಆಯಿತು, ಸೀಟಿನ ಹೊಲಿಗೆಯೂ ಆಯಿತು. ಬ್ರೇಕಿಗೆ ಬೇಕಾದ ಸರಿಯಾದ, ಅಸಲಿ ಸಾಮಾನು ಎಲ್ಲಿ ಸಿಗುತ್ತದೆ?

ಅಂಗಡಿಗಳ ಹೆಸರು ಹೇಳಿ ಕೈತೊಳೆದುಕೊಳ್ಳಬಹುದಿತ್ತು. ಆದರೆ ಈ ಪ್ರಶ್ನೆಯೊಳಗೆ ಇನ್ನೊಂದು ಪ್ರಶ್ನೆ ಅಡಗಿದೆ. ‘ಸರಿಯಾದ’ ಮತ್ತು ‘ಅಸಲಿ’ ಎಂಬ ಎರಡು ಮಾತು ಒಂದೇ ಏನು? ಬಾಗಿಲಿನ ಹಿಡಿಕೆಗೆ, ದೀಪದ ಗಾಜಿಗೆ ಒಂದೇ ಇರಬಹುದು. ಬ್ರೇಕಿಗೆ ಬಂದಾಗ ಅವೆರಡೂ ಬೇರೆ ಬೇರೆ ದಾರಿ ಹಿಡಿಯುತ್ತವೆ. ದೀಪ ಕೈಕೊಟ್ಟರೆ ಗಾಡಿ ನಿಲ್ಲಿಸಬಹುದು. ಬ್ರೇಕು ಕೈಕೊಟ್ಟರೆ ನಿಲ್ಲಿಸುವುದೇ ಆಗುವುದಿಲ್ಲ.

ಮೊದಲು ಸ್ವಲ್ಪ ವಂಶಾವಳಿ. ನಮ್ಮ ಚಕ್ಕಡಿಗೆ ಇಳಿಜಾರಿನಲ್ಲಿ ಎತ್ತುಗಳೇ ಬ್ರೇಕು. ನೊಗಕ್ಕೆ ಕುತ್ತಿಗೆ ಕೊಟ್ಟು ಭಾರವನ್ನು ಹಿಂದಕ್ಕೆ ಒತ್ತಿ ಹಿಡಿಯುತ್ತವೆ. ಎತ್ತು, ಕುದುರೆ ಇಲ್ಲದ ಗಾಡಿ ಬಂದಾಗ ಈ ಕೆಲಸವನ್ನು ಯಾರು ಮಾಡಬೇಕು ಎಂಬ ಪ್ರಶ್ನೆ ಹುಟ್ಟಿತು. 1888ರಲ್ಲಿ ಜರ್ಮನಿಯ ಬೆರ್ಟಾ ಬೆಂಝ್ ಎಂಬ ಗಟ್ಟಿಗಿತ್ತಿ ಗಂಡನಿಗೆ ಹೇಳದೆ ಇಬ್ಬರು ಮಕ್ಕಳನ್ನು ಕೂರಿಸಿಕೊಂಡು ಅವನು ಕಟ್ಟಿದ ಮೋಟಾರು ಗಾಡಿಯಲ್ಲಿ ತವರಿನ ಊರಿಗೆ ನೂರು ಕಿಲೋಮೀಟರಿನಷ್ಟು ದೂರ ಹೋದಳು. ದಾರಿಯಲ್ಲಿ ಮರದ ಬ್ರೇಕು ಸವೆದು ಹಿಡಿತ ತಪ್ಪಿದಾಗ, ಒಂದು ಹಳ್ಳಿಯಲ್ಲಿ ಚರ್ಮದ ಕೆಲಸದವನನ್ನು ಹಿಡಿದು ಮರದ ತುಂಡಿಗೆ ಚರ್ಮ ಹೊಡೆಸಿಕೊಂಡಳು. ಬ್ರೇಕ್ ಲೈನರಿನ ಚರಿತ್ರೆ ಅಲ್ಲಿಂದ ಶುರು ಎನ್ನಬಹುದು. ಮುಂದೆ 1897ರಲ್ಲಿ ಇಂಗ್ಲೆಂಡಿನ ಹರ್ಬರ್ಟ್ ಫ್ರೂಡ್ ಇದನ್ನೇ ಉದ್ಯಮ ಮಾಡಿದ. ಬೆಟ್ಟದ ಇಳಿಜಾರಿನಲ್ಲಿ ಗಾಡಿಯವರು ಹಳೆಯ ಬೂಟನ್ನು ಗಾಲಿಗೆ ಒತ್ತಿ ವೇಗ ತಡೆಯುತ್ತಿದ್ದುದು ಅವನ ಕಣ್ಣಿಗೆ ಬಿದ್ದಿತ್ತು. ತನ್ನ ಹೆಸರಿನ ಅಕ್ಷರಗಳನ್ನು ಹಿಂದೆ ಮುಂದೆ ಮಾಡಿ, ಹೆಂಡತಿ ಎಲಿಜಬೆತ್‌ಳ ಒಂದಕ್ಷರ ಸೇರಿಸಿ ಅವನು ಕಟ್ಟಿದ ಹೆಸರೇ ‘ಫೆರೋಡೊ’. ಮುಂಬಯಿಯ ‘ಹಿಂದುಸ್ತಾನ್ ಫೆರೋಡೊ’ ಹೆಸರು ನಮ್ಮ ಹಳೆಯ ಮಿಸ್ತ್ರಿಗಳಿಗೆಲ್ಲ ಪರಿಚಿತ. ಆ ಹೆಸರಿನ ಹಿಂದೆ ಒಂದು ಹರಿದ ಬೂಟಿದೆ.

ಆಗಿನ ಬ್ರೇಕುಗಳು ಸರಳು, ತಂತಿಗಳಿಂದ ಎಳೆಯುವಂಥವು. ನಾಲ್ಕು ಗಾಲಿಗೂ ಸಮನಾಗಿ ಎಳೆತ ಹಂಚುವುದು ನಾಲ್ಕು ಮಕ್ಕಳಿಗೆ ಆಸ್ತಿ ಹಂಚಿದಷ್ಟೇ ಕಷ್ಟ. ದ್ರವದ ಒತ್ತಡದಿಂದ ಕೆಲಸ ಮಾಡುವ ಬ್ರೇಕನ್ನು ಅಮೆರಿಕದ ಮಾಲ್ಕಮ್ ಲಾಕ್‌ಹೀಡ್ ರೂಪಿಸಿದ. 1921ರ ಡ್ಯೂಸೆನ್‌ಬರ್ಗ್ ಕಾರು ನಾಲ್ಕೂ ಗಾಲಿಗೆ ಅದನ್ನು ಪಡೆಯಿತು. ಹೆನ್ರಿ ಫೋರ್ಡ್ ಮಾತ್ರ ಜಗಮೊಂಡ. ಅವನ ಕಾರುಗಳಿಗೆ ದ್ರವದ ಬ್ರೇಕು ಬರಲು 1939ರವರೆಗೆ ಕಾಯಬೇಕಾಯಿತು. ಬ್ರಿಟನ್ನಿನಲ್ಲಿ ಆಲ್ಬರ್ಟ್ ಗರ್ಲಿಂಗ್ 1925ರಲ್ಲಿ ಇನ್ನೊಂದು ಬಗೆಯ ಬ್ರೇಕಿಗೆ ಪೇಟೆಂಟು ಪಡೆದ. ಹೀಗೆ ಬ್ರಿಟಿಷ್ ಕಾರುಗಳಲ್ಲಿ ಲಾಕ್‌ಹೀಡ್, ಗರ್ಲಿಂಗ್ ಎಂಬ ಎರಡು ದೊಡ್ಡ ಮನೆತನಗಳಾದವು. ನೋಡಲು ಅಣ್ಣತಮ್ಮಂದಿರಂತೆ ಕಂಡರೂ ಇವುಗಳ ನಡುವೆ ಬೀಗತನ ಕೂಡುವುದಿಲ್ಲ.

ನಮ್ಮ ದೇಶದ ಹಳೆಯ ಕಾರುಗಳು ಈ ಮನೆತನಗಳಿಂದಲೇ ಬಂದವು. 1942ರಲ್ಲಿ ಗುಜರಾತಿನ ಓಖಾ ಬಂದರಿನಲ್ಲಿ ಶುರುವಾಗಿ ಬಂಗಾಳದ ಉತ್ತರಪಾರಾಕ್ಕೆ ಹೋದ ಹಿಂದುಸ್ತಾನ್ ಮೋಟಾರ್ಸ್, ಮಾರಿಸ್ ಆಕ್ಸ್‌ಫರ್ಡ್ ಮೂರನೆಯ ಸರಣಿಯ ಅಚ್ಚಿನಲ್ಲಿ ಅಂಬಾಸಡರನ್ನು ತಯಾರಿಸಿತು. 1957ರಿಂದ 2014ರ ಮೇ ತಿಂಗಳವರೆಗೆ ಅದು ನಡೆಯಿತು. ವಾಲಚಂದ್ ಹೀರಾಚಂದರು 1944ರಲ್ಲಿ ಕಟ್ಟಿದ ಪ್ರೀಮಿಯರ್ ಕಂಪನಿ ಇಟಲಿಯ ಫಿಯಟ್ 1100ರ ಅಚ್ಚಿನಿಂದ ಮುಂದೆ ಪದ್ಮಿನಿಯನ್ನು ತಂದಿತು. ಮದ್ರಾಸಿನ ಸ್ಟ್ಯಾಂಡರ್ಡ್ ಕಂಪನಿ 1961ರಿಂದ ಹೆರಾಲ್ಡ್ ತಯಾರಿಸಿತು. ಮಹೀಂದ್ರದವರ ವಿಲ್ಲಿಸ್ ಜೀಪಂತೂ ನಮ್ಮ ಹೊಲದ ಬದುಗಳಿಗೂ ಗೊತ್ತು.

ಇಲ್ಲಿ ಒಂದು ಸಂಗತಿಯನ್ನು ಹಲವರು ಗಮನಿಸುವುದಿಲ್ಲ. 1962ರಲ್ಲಿ ಟಿವಿಎಸ್ ಬಳಗ ಬ್ರಿಟನ್ನಿನ ಲೂಕಾಸ್ ಜೊತೆ ಸೇರಿ ಮದ್ರಾಸಿನ ಪಾಡಿಯಲ್ಲಿ ಬ್ರೇಕ್ಸ್ ಇಂಡಿಯಾ ಕಾರ್ಖಾನೆ ತೆರೆಯಿತು. ‘ಟಿವಿಎಸ್ ಗರ್ಲಿಂಗ್’ ಎಂಬ ಹೆಸರಿನ ಡಬ್ಬಿ ಪ್ರತಿ ಗ್ಯಾರೇಜಿನ ಕಪಾಟಿನಲ್ಲಿ ಇರುತ್ತಿತ್ತು. ರಾಣೆ ಬ್ರೇಕ್ ಲೈನಿಂಗ್ ಕಂಪನಿ ಹುಟ್ಟಿದ್ದು 1964ರಲ್ಲಿ. ಅಂದಮೇಲೆ 1970ರ ದಶಕದ ಅಂಬಾಸಡರಿಗೆ ಅಸಲಿ ಬ್ರೇಕು ಎಂದರೆ ಯಾವುದು? ಇಂಗ್ಲೆಂಡಿನ ಮುದ್ರೆ ಇರುವ ಪೊಟ್ಟಣಕ್ಕೆ ಮೂರು ಪಟ್ಟು ಹಣ ಕೊಟ್ಟು ಬೀಗುವವರನ್ನು ಕಂಡಿದ್ದೇನೆ. ಆ ಕಾಲದ ನಮ್ಮ ಕಾರಿಗೆ ನಮ್ಮ ನೆಲದ ಸಾಮಾನೇ ಅಸಲಿ. ಚರಿತ್ರೆಯ ದೃಷ್ಟಿಯಿಂದ ಅದಕ್ಕೆ ಇಂಗ್ಲೆಂಡಿನ ಸಾಮಾನು ಹಾಕುವುದೇ ನಕಲಿ. ಇದರ ಉಲ್ಟಾ ಮಾತೂ ಇದೆ: 1993ರಲ್ಲಿ ಬ್ರಿಟನ್ನಿನ ಒಂದು ಸಂಸ್ಥೆ ಅಂಬಾಸಡರನ್ನು ‘ಫುಲ್‌ಬೋರ್ ಮಾರ್ಕ್ 10’ ಎಂಬ ಹೆಸರಿನಲ್ಲಿ ತರಿಸಿಕೊಂಡು ಮಾರಿತು. ಮಗಳು ಅಜ್ಜಿಯ ಊರಿಗೆ ವಾಪಸು ಹೋದಂತೆ.

ಈಗ ‘ಸರಿಯಾದ’ ಎಂಬ ಮಾತಿಗೆ ಬರೋಣ. ಇಲ್ಲಿ ಸ್ವಲ್ಪ ಶಾಲೆಯ ಪಾಠ ಬೇಕಾಗುತ್ತದೆ, ಬೇಸರಿಸಬೇಡಿ. ಮುಚ್ಚಿದ ದ್ರವದ ಮೇಲೆ ಒಂದು ಕಡೆ ಒತ್ತಿದರೆ ಆ ಒತ್ತಡ ಎಲ್ಲ ಕಡೆಗೂ ಸಮನಾಗಿ ಹರಡುತ್ತದೆ ಎಂದು ಹದಿನೇಳನೆಯ ಶತಮಾನದ ಪಾಸ್ಕಲ್ ಹೇಳಿದ. ನೀವು ಪೆಡಲ್ ತುಳಿದಾಗ ಮಾಸ್ಟರ್ ಸಿಲಿಂಡರಿನಲ್ಲಿ ಹುಟ್ಟುವ ಒತ್ತಡ ಸಣ್ಣ ಕೊಳವೆಗಳಲ್ಲಿ ಹಾದು ಪ್ರತಿ ಗಾಲಿಯ ಸಿಲಿಂಡರಿಗೆ ಮುಟ್ಟುತ್ತದೆ. ಅಲ್ಲಿನ ಪಿಸ್ಟನ್ನಿನ ಅಗಲ ಎಷ್ಟೋ ಅಷ್ಟು ಬಲ ಬ್ರೇಕ್ ಶೂಗೆ ಸಿಗುತ್ತದೆ. ಈ ಅಗಲದಲ್ಲಿಯೇ ಎಲ್ಲ ಮರ್ಮ ಇದೆ.

ಒಂದು ಲೆಕ್ಕ ನೋಡಿ. ಹಿಂದಿನ ಗಾಲಿಗೆ ಮುಕ್ಕಾಲು ಇಂಚಿನ, ಅಂದರೆ 19.05 ಮಿಲಿಮೀಟರಿನ ಸಿಲಿಂಡರ್ ಇರಬೇಕಾದ ಕಡೆ ಅಂಗಡಿಯವನು ‘ಅದೇ ಇದು, ತಗೊಳ್ಳಿ’ ಎಂದು 7/8 ಇಂಚಿನದನ್ನು, ಅಂದರೆ 22.2 ಮಿಲಿಮೀಟರಿನದನ್ನು ಕೊಟ್ಟನೆನ್ನಿ. ಕಣ್ಣಿಗೆ ವ್ಯತ್ಯಾಸ ಮೂರು ಮಿಲಿಮೀಟರಿನಷ್ಟು. ಬೋಲ್ಟು ಕೂಡುತ್ತದೆ, ಕೊಳವೆ ಕೂಡುತ್ತದೆ, ಮಿಸ್ತ್ರಿಗೂ ಸಂತೋಷ. ಆದರೆ ವಿಸ್ತೀರ್ಣ ವ್ಯಾಸದ ವರ್ಗಕ್ಕೆ ತಕ್ಕಂತೆ ಬೆಳೆಯುತ್ತದೆ: 36ಕ್ಕೆ 49. ಹಿಂದಿನ ಗಾಲಿಯ ಶೂಗಳ ಮೇಲೆ ಶೇಕಡಾ 36ರಷ್ಟು ಹೆಚ್ಚು ಬಲ ಬಿತ್ತು. ಬ್ರೇಕು ಹಾಕಿದಾಗ ಗಾಡಿಯ ಭಾರ ಮುಂದಕ್ಕೆ ವಾಲಿ ಹಿಂಬದಿ ಹಗುರಾಗುತ್ತದೆ; ಹಗುರಾದ ಗಾಲಿಗೆ ಹೆಚ್ಚಿನ ಹಿಡಿತ. ಮಳೆ ಬಿದ್ದ ರಸ್ತೆಯಲ್ಲಿ ಹಿಂದಿನ ಗಾಲಿಗಳು ಮೊದಲು ಬಿಗಿದು ನಿಲ್ಲುತ್ತವೆ, ಕಾರು ಬುಗುರಿಯಂತೆ ತಿರುಗುತ್ತದೆ. ‘ಬ್ರೇಕು ಚೂಪಾಗಿದೆ’ ಎಂದು ಹೊಗಳಿಸಿಕೊಂಡ ಗಾಡಿ ಅದು.

ಆದ್ದರಿಂದ ಸಾಮಾನು ಹುಡುಕಲು ಹೊರಡುವ ಮೊದಲು ನಿಮ್ಮ ಕಾರಿನಲ್ಲಿ ಈಗ ಏನಿದೆ ಎಂದು ತಿಳಿಯಿರಿ. ಐವತ್ತು ವರ್ಷದ ಗಾಡಿ ಹತ್ತು ಗ್ಯಾರೇಜು ಕಂಡಿರುತ್ತದೆ. ಮುಂದಿನ ಎಡಗಾಲಿಯಲ್ಲಿ ಒಂದು ಕಂಪನಿ, ಬಲಗಾಲಿಯಲ್ಲಿ ಇನ್ನೊಂದು ಕಂಪನಿಯ ಸಿಲಿಂಡರ್ ಇರುವುದು ಅಪರೂಪವಲ್ಲ. ಬಿಚ್ಚಿ, ತೊಳೆದು, ಎರಕದ ಮೇಲಿನ ಹೆಸರು ಮತ್ತು ಅಂಕೆ ಓದಿ. ಒಳವ್ಯಾಸವನ್ನು ವರ್ನಿಯರ್ ಹಿಡಿದು ಅಳೆಯಿರಿ. ಪಟ್ಟಿ ಇಟ್ಟು ಅಳೆಯುವುದು ಬೇಡ. ಆಮೇಲೆ ಆ ಮಾದರಿಯ ಸ್ಪೇರ್ ಪಾರ್ಟ್ಸ್ ಪುಸ್ತಕದೊಡನೆ ತಾಳೆ ನೋಡಿ. ಈ ಪುಸ್ತಕ ಹಳೆಯ ಪುಸ್ತಕದಂಗಡಿಯಲ್ಲೋ ಮುಚ್ಚಿದ ಗ್ಯಾರೇಜಿನ ಅಟ್ಟದ ಮೇಲೋ ಸಿಕ್ಕರೆ ಬಿಡಬೇಡಿ. ಹತ್ತು ಸಿಲಿಂಡರಿಗಿಂತ ಅದು ಹೆಚ್ಚಿನದು.

ಇನ್ನೊಂದು ಕಣ್ಕಟ್ಟು ಥ್ರೆಡ್ಡಿನದು. ಬ್ರಿಟಿಷ್ ಮೂಲದ ಗಾಡಿಗಳು ಇಂಚಿನ ಲೆಕ್ಕದವು, ಫಿಯಟ್ ಮೂಲದವು ಮೆಟ್ರಿಕ್. ಬ್ರೇಕ್ ಕೊಳವೆಯ ನಟ್ಟುಗಳಲ್ಲಿ ಮೂರೆಂಟಾಂಶ ಇಂಚಿನದು 9.5 ಮಿಲಿಮೀಟರು, ಮೆಟ್ರಿಕ್ಕಿನದು 10. ಹಲ್ಲುಗಳ ಅಂತರವೂ ಹೆಚ್ಚುಕಡಿಮೆ ಒಂದೇ. ಇಂಚಿನ ನಟ್ಟು ಮೆಟ್ರಿಕ್ ತೂತಿನಲ್ಲಿ ಸಲೀಸಾಗಿ ತಿರುಗುತ್ತದೆ, ಬಿಗಿಯಾದಂತೆಯೂ ಅನ್ನಿಸುತ್ತದೆ. ಪೆಡಲನ್ನು ಜೋರಾಗಿ ತುಳಿಯುವ ದಿನ ಮಾತ್ರ ಹಲ್ಲು ಕಿತ್ತು ಹೊರಬರುತ್ತದೆ. ಆ ದಿನ ನಿಮ್ಮೆದುರು ಒಂದು ಎಮ್ಮೆಯೋ ಮಗುವೋ ಇರುತ್ತದೆ, ಇಲ್ಲದಿದ್ದರೆ ಜೋರಾಗಿ ಏಕೆ ತುಳಿಯುತ್ತೀರಿ? ಕೊಳವೆಯ ತುದಿ ಅರಳಿಸುವ ಬಗೆಯೂ ಒಂದೊಂದು ಮನೆತನಕ್ಕೆ ಒಂದೊಂದು. ಬರಿಯ ತಾಮ್ರದ ಕೊಳವೆ ಹೊಳೆಯುತ್ತದೆಂದು ಹಾಕಿಸಬೇಡಿ. ಅದು ನಡುಕಕ್ಕೆ ಗಡಸಾಗಿ ಬಿರಿಯುತ್ತದೆ.

ಮುಂದಿನದು ರಬ್ಬರು ಮತ್ತು ಎಣ್ಣೆಯ ಕಥೆ. ಸಿಲಿಂಡರಿನೊಳಗೆ ಒತ್ತಡ ಸೋರದಂತೆ ತಡೆಯುವುದು ರೂಪಾಯಿ ನಾಣ್ಯದಷ್ಟು ಅಗಲದ ಒಂದು ರಬ್ಬರ್ ಕಪ್ಪು. ಸಂಗ್ರಾಹಕರಲ್ಲಿ ಒಂದು ಹುಚ್ಚಿದೆ: ನಲವತ್ತು ವರ್ಷದಿಂದ ಸೀಲು ಒಡೆಯದ ಪೊಟ್ಟಣ ಸಿಕ್ಕರೆ ನಿಧಿ ಸಿಕ್ಕಂತೆ ಕುಣಿಯುತ್ತಾರೆ. ಎರಕದ ಸಾಮಾನಾದರೆ ಕುಣಿಯಲಿ. ರಬ್ಬರು ಪೊಟ್ಟಣದಲ್ಲಿ ಇದ್ದಲ್ಲೇ ಮುದಿಯಾಗುತ್ತದೆ. ಹಳೆಯ ಅಸಲಿ ರಬ್ಬರಿಗಿಂತ ನಿನ್ನೆ ತಯಾರಾದ ಒಳ್ಳೆಯ ಕಂಪನಿಯ ಕಿಟ್ಟು ಸಾವಿರ ಪಾಲು ಮೇಲು. ಈ ಮಾತಿನಲ್ಲಿ ನಾನು ರಾಜಿಗೆ ಸಿದ್ಧನಿಲ್ಲ.

ಎಣ್ಣೆಯ ವಿಷಯಕ್ಕೆ ನಮ್ಮ ಹೊಲದ ನಂಟೂ ಇದೆ. ಮೊದಮೊದಲಿನ ಬ್ರೇಕ್ ದ್ರವದಲ್ಲಿ ಇದ್ದುದು ಔಡಲ ಎಣ್ಣೆ ಮತ್ತು ಮದ್ಯಸಾರ. ಚಕ್ಕಡಿಯ ಅಚ್ಚಿಗೆ ಕೀಲೆಣ್ಣೆ ಹಾಕಿದ ಹಿರಿಯರಿಗೆ ಔಡಲದ ಗುಣ ಗೊತ್ತು. ಕ್ಯಾಸ್ಟ್ರಾಲ್ ಎಂಬ ಹೆಸರೂ ಔಡಲದ ಇಂಗ್ಲಿಷ್ ಹೆಸರಿನಿಂದಲೇ ಬಂದದ್ದು. ಆ ಎಣ್ಣೆ ಏಕೆಂದರೆ, ಅದು ಸಹಜ ರಬ್ಬರನ್ನು ತಿನ್ನುವುದಿಲ್ಲ. ಪೆಟ್ರೋಲಿಯಂ ಎಣ್ಣೆ ತಿನ್ನುತ್ತದೆ. ಬ್ರೇಕ್ ಡಬ್ಬಿಗೆ ಒಂದು ಚಮಚ ಎಂಜಿನ್ ಆಯಿಲ್ ಬಿದ್ದರೂ ಕಪ್ಪುಗಳು ಉಬ್ಬಿ ಸಿಕ್ಕಿಕೊಳ್ಳುತ್ತವೆ. ಆಗ ಇಡೀ ವ್ಯವಸ್ಥೆಯ ರಬ್ಬರನ್ನೆಲ್ಲ ಬದಲಿಸಬೇಕು. ಈಗಿನ ಡಾಟ್ 3, ಡಾಟ್ 4 ದ್ರವಗಳಿಗೆ ಇನ್ನೊಂದು ಚಟ, ಗಾಳಿಯ ತೇವ ಹೀರುವುದು. ಹೊಸ ಡಾಟ್ 3 ಕನಿಷ್ಠ 205 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯಬಾರದು. ತೇವ ಹೀರಿದ ಮೇಲೆ ಆ ಮಿತಿ 140ಕ್ಕೆ ಇಳಿಯುತ್ತದೆ. ಉದ್ದನೆಯ ಘಾಟಿನಲ್ಲಿ ಬ್ರೇಕು ಕಾಯುತ್ತ ಹೋಗಿ ದ್ರವ ಕುದಿದರೆ ಕೊಳವೆಯಲ್ಲಿ ಆವಿ ತುಂಬುತ್ತದೆ, ಪೆಡಲ್ ಹತ್ತಿಯ ಮೂಟೆಯಂತೆ ಒಳಗೆ ಹೋಗುತ್ತದೆ. ನಿಂತ ಕಾರಿನ ಸಿಲಿಂಡರ್ ಒಳಗಿನಿಂದ ತುಕ್ಕು ಹಿಡಿಯುವುದೂ ಈ ತೇವದಿಂದಲೇ. ಎರಡು ವರ್ಷಕ್ಕೊಮ್ಮೆ ದ್ರವ ಬದಲಿಸಿ, ಒಡೆದ ಡಬ್ಬಿಯ ಉಳಿಕೆಯನ್ನು ಮುಂದಿನ ವರ್ಷಕ್ಕೆ ಎತ್ತಿಡಬೇಡಿ.

ತುಕ್ಕು ಹಿಡಿದ ಅಸಲಿ ಸಿಲಿಂಡರನ್ನು ಎಸೆಯಬೇಕಾಗಿಲ್ಲ. ಒಳಗನ್ನು ಸ್ವಲ್ಪ ಅಗಲ ಮಾಡಿ, ಹಿತ್ತಾಳೆಯ ಇಲ್ಲವೇ ಸ್ಟೇನ್‌ಲೆಸ್ ಸ್ಟೀಲಿನ ಕೊಳವೆ ಕೂರಿಸಿ, ಮತ್ತೆ ಮೊದಲಿನ ವ್ಯಾಸಕ್ಕೇ ನಯ ಮಾಡಬಹುದು. ಫೌಂಡ್ರಿಗೂ ಹೈಡ್ರಾಲಿಕ್ ಯಂತ್ರಗಳಿಗೂ ಹೆಸರಾದ ಬೆಳಗಾವಿ ನಮಗೆ ದೂರವೇನಲ್ಲ. ಇಂಥ ನಾಜೂಕಿನ ಲೇತ್ ಕೆಲಸ ಬಲ್ಲ ಕೈಗಳು ಅಲ್ಲಿವೆ. ನನ್ನ ದೃಷ್ಟಿಯಲ್ಲಿ ಇದೇ ಅತ್ಯುತ್ತಮ ಹಾದಿ: ಹೊರಗಿನ ಎರಕ ಅಸಲಿ, ಒಳಗಿನ ಮೈ ಹೊಸದು.

ಲೈನರಿನ ಮಾತೂ ಹಾಗೆಯೇ. ಶೂ ಹಳೆಯದಿರಲಿ, ಅದಕ್ಕೆ ಹೊಸ ಲೈನರ್ ಹಾಕಿಸಿ. ಡ್ರಮ್ಮನ್ನು ಲೇತಿಗೆ ಕೊಟ್ಟು ಸವರಿಸಿದ್ದರೆ ಅದರ ಒಳಸುತ್ತು ಹಿಗ್ಗಿರುತ್ತದೆ; ಲೈನರಿನ ಕಮಾನೂ ಅದಕ್ಕೆ ಕೂಡಬೇಕು. ಇಲ್ಲದಿದ್ದರೆ ನಡುವೆ ಮಾತ್ರ ತಾಗಿ, ಅರ್ಧ ಬ್ರೇಕು ಮಾತ್ರ ಕೆಲಸ ಮಾಡುತ್ತದೆ. ಆದರೆ ಇಲ್ಲಿ ಅಸಲಿಯ ಹಟ ಬಿಡಲೇಬೇಕಾದ ಕಾರಣ ಬೇರೆ ಇದೆ. ಹಳೆಯ ಲೈನರುಗಳಲ್ಲಿ ಇರುತ್ತಿದ್ದುದು ಕಲ್ನಾರು. ಅದರ ಧೂಳು ಶ್ವಾಸಕೋಶ ಸೇರಿದರೆ ಹತ್ತಾರು ವರ್ಷಗಳ ನಂತರ ಕ್ಯಾನ್ಸರಾಗಿ ತಲೆ ಎತ್ತಬಹುದು. ಬ್ರಿಟನ್ 1999ರಲ್ಲಿ ಅದನ್ನು ಪೂರ್ತಿ ನಿಷೇಧಿಸಿತು. ಡ್ರಮ್ ಬಿಚ್ಚಿದ ಹುಡುಗ ಗಾಳಿ ಪೈಪು ಹಿಡಿದು ಫೂ ಎಂದು ಧೂಳು ಹಾರಿಸುವುದನ್ನು ನೀವು ನೋಡಿದ್ದೀರಿ. ಕಲ್ಲಿನ ಧೂಳು ದುಡಿಯುವವನ ಎದೆಯನ್ನು ಏನು ಮಾಡುತ್ತದೆ ಎಂದು ಇಳಕಲ್ಲಿನ ಗ್ರಾನೈಟ್ ಕ್ವಾರಿಗಳ ನೆರೆಯವರಿಗೆ ನಾನು ಹೇಳಬೇಕಿಲ್ಲ. ಒದ್ದೆ ಬಟ್ಟೆಯಿಂದ ಒರೆಸಿ, ಆ ಬಟ್ಟೆಯನ್ನು ಚೀಲದಲ್ಲಿ ಕಟ್ಟಿಹಾಕಿ. ಕಲ್ನಾರು ಇಲ್ಲದ ಲೈನರ್ ಕೇಳಿ ಹಾಕಿಸಿ. ಕಾರಿನ ಅಭಿಮಾನಕ್ಕೆ ಗ್ಯಾರೇಜಿನ ಹುಡುಗ ಬೆಲೆ ತೆರಬಾರದು.

ಇನ್ನು ಎಲ್ಲಿ ಸಿಗುತ್ತದೆ ಎಂಬುದು. ಬೆಂಗಳೂರಿನ ಜೆ.ಸಿ. ರಸ್ತೆ ಹೊಸ ಸಾಮಾನಿಗೆ, ಶಿವಾಜಿನಗರದ ಗುಜರಿ ಬಿಚ್ಚಿದ ಸಾಮಾನಿಗೆ. ಚೆನ್ನೈನ ಪುದುಪೇಟೆ, ಮುಂಬಯಿಯ ಕುರ್ಲಾ, ಕೋಲ್ಕತ್ತದ ಮಲ್ಲಿಕ್ ಬಜಾರ್, ದಿಲ್ಲಿಯ ಕಾಶ್ಮೀರಿ ಗೇಟ್ ಇವೆಲ್ಲ ಹಳೆಯ ಹೆಸರುಗಳು. ಅಂಬಾಸಡರಿನವರು ಕೋಲ್ಕತ್ತದ ಕಡೆ, ಪದ್ಮಿನಿಯವರು ಮುಂಬಯಿಯ ಕಡೆ ಮುಖ ಮಾಡುವುದು ಸಹಜ; ಟ್ಯಾಕ್ಸಿ ಎಲ್ಲಿ ಓಡಿತೋ ಅಲ್ಲಿ ಸಾಮಾನು ಉಳಿಯಿತು. ಆದರೆ 2023ರ ಅಕ್ಟೋಬರ್ ಕೊನೆಗೆ ಮುಂಬಯಿಯ ಪದ್ಮಿನಿ ಟ್ಯಾಕ್ಸಿಗಳ ಕಾಲ ಮುಗಿಯಿತು. ಗಿರಾಕಿ ಹೋದ ಮೇಲೆ ಅಂಗಡಿಯವನು ಸಾಮಾನನ್ನು ಎಷ್ಟು ದಿನ ಕಾಯ್ದಾನು? ತೂಕಕ್ಕೆ ಹಾಕುತ್ತಾನೆ. ನನಗೆ ಹೆಚ್ಚು ಭರವಸೆ ಇರುವುದು ಜಿಲ್ಲಾ ಊರುಗಳ ಹಳೆಯ ಅಂಗಡಿಗಳಲ್ಲಿ. ಮಗ ಮೊಬೈಲು ಮಾರಾಟಕ್ಕೆ ಇಳಿದಿರುತ್ತಾನೆ, ಅಪ್ಪನ ಕಾಲದ ಬ್ರೇಕ್ ಸಾಮಾನು ಹಿಂದಿನ ಕೋಣೆಯಲ್ಲಿ ಧೂಳು ತಿನ್ನುತ್ತಿರುತ್ತದೆ. ಹಳೆಯ ಸಾಮಾನನ್ನು ಕೈಯಲ್ಲಿ ಹಿಡಿದುಕೊಂಡು ಹೋಗಿ. ‘ಅಂಬಾಸಡರಿನದು ಕೊಡಿ’ ಎಂದರೆ ಯಾವುದೋ ಒಂದು ಕೊಡುತ್ತಾರೆ. 57 ವರ್ಷ ತಯಾರಾದ ಗಾಡಿ ಅದು, ಕೊನೆಯ ವರ್ಷಗಳ ಕೆಲವಕ್ಕೆ ಮುಂದೆ ಡಿಸ್ಕ್ ಬ್ರೇಕೂ ಬಂದಿತ್ತು. ಹೊಸ ಪೊಟ್ಟಣದಲ್ಲಿ ಹಳೆಯ ಹೆಸರು ಮುದ್ರಿಸಿದ ಖೋಟಾ ಮಾಲೂ ಇದೆ. ಎರಕದ ಅಕ್ಷರ ಮಸುಕಾಗಿದ್ದರೆ, ಒಳಮೈ ಒರಟಾಗಿದ್ದರೆ, ದರ ಎಷ್ಟೇ ಅಗ್ಗವಿದ್ದರೂ ಕೆಳಗಿಡಿ. ಹೆರಾಲ್ಡ್ ಇದ್ದವರ ಪುಣ್ಯ ದೊಡ್ಡದು: ಅದರ ಬ್ರಿಟಿಷ್ ಅಕ್ಕ ಟ್ರಯಂಫ್ ಹೆರಾಲ್ಡಿಗೆ ಅಲ್ಲಿನ ಮಾಲೀಕರ ಸಂಘಗಳ ದೆಸೆಯಿಂದ ಇಂದಿಗೂ ಹೊಸ ಸಾಮಾನು ತಯಾರಾಗುತ್ತದೆ.

ಅಸಲಿತನದ ವಾದವನ್ನು ಐಹೊಳೆಗೆ ಹೋದರೆ ಚೆನ್ನಾಗಿ ತಿಳಿದುಕೊಳ್ಳಬಹುದು. ಪುರಾತತ್ವ ಇಲಾಖೆಗೆ ಜಾನ್ ಮಾರ್ಷಲ್ 1923ರಲ್ಲಿ ಬರೆದುಕೊಟ್ಟ ಸಂರಕ್ಷಣಾ ಕೈಪಿಡಿಯ ತಿರುಳು ಇಷ್ಟು: ಉಳಿದುದನ್ನು ಕಾಪಾಡಿ, ಕಳೆದುಹೋದ ಕೆತ್ತನೆಯನ್ನು ಹೊಸದಾಗಿ ಕೆತ್ತಿ ಹಳೆಯದೆಂದು ತೋರಿಸಬೇಡಿ. ಭಾರ ಹೊರಲು ಬೇಕಾದ ಕಡೆ ಸಾದಾ ಕಲ್ಲು ನಿಲ್ಲಿಸಿದರೆ ಅದು ಗುಡಿಗೆ ಅಪಚಾರವಲ್ಲ. ಕಾರಿನ ಬ್ರೇಕು ಆ ಭಾರ ಹೊರುವ ಕಲ್ಲು. ಧರ್ಮಸ್ಥಳದ ಮಂಜೂಷಾದಲ್ಲಿ, 2023ರಲ್ಲಿ ಶ್ರೀರಂಗಪಟ್ಟಣದ ಬಳಿ ತೆರೆದ ‘ಪಯಣ’ದಲ್ಲಿ ಹಳೆಯ ಕಾರುಗಳನ್ನು ನೋಡಿ ಬನ್ನಿ. ನಿಂತೇ ಇರುವ ಕಾರಿಗೆ ಹಳೆಯ ರಬ್ಬರು, ಹಳೆಯ ಲೈನರು ಇದ್ದರೂ ನಡೆದೀತು, ಅದು ದಾಖಲೆ. ನಿಮ್ಮ ಕಾರು ಹುನಗುಂದದ ಸಂತೆಗೆ, ಬಾದಾಮಿಯ ಬನಶಂಕರಿ ಜಾತ್ರೆಗೆ ಹೋಗಬೇಕಾದದ್ದು.

ಕಾನೂನೂ ಇದಕ್ಕೆ ಅಡ್ಡ ಬರುವುದಿಲ್ಲ. ಕೇಂದ್ರ ಸರ್ಕಾರ 2021ರ ಜುಲೈನಲ್ಲಿ ಮಾಡಿದ ನಿಯಮದ ಪ್ರಕಾರ, 50 ವರ್ಷ ದಾಟಿದ, ಮೂಲರೂಪದಲ್ಲೇ ಇರುವ ಗಾಡಿಗೆ ‘ವಿಎ’ ಅಕ್ಷರಗಳಿರುವ ವಿಂಟೇಜ್ ನೋಂದಣಿ ಸಿಗುತ್ತದೆ. ದೊಡ್ಡ ಮಾರ್ಪಾಟು ಎಂದು ಆ ನಿಯಮ ಹೆಸರಿಸುವುದು ಚಾಸಿ, ಹೊರಮೈ, ಎಂಜಿನ್ನುಗಳನ್ನು. ಬ್ರೇಕಿನ ಒಳಗಿನ ದುರಸ್ತಿಯನ್ನಲ್ಲ. ಆದರೆ ಆ ನೋಂದಣಿಯ ಗಾಡಿಯನ್ನು ದಿನನಿತ್ಯದ ಓಡಾಟಕ್ಕೆ, ಬಾಡಿಗೆಗೆ ಬಳಸುವಂತಿಲ್ಲ ಎಂಬುದು ನೆನಪಿರಲಿ.

ಒಂದೇ ಸರ್ಕೀಟಿನ ಬ್ರೇಕನ್ನು ಎರಡು ಸರ್ಕೀಟಿಗೆ ಬದಲಿಸಬಹುದೇ ಎಂದು ಸಭೆಯಿಂದ ಒಬ್ಬರು ಚೀಟಿ ಕಳಿಸಿದ್ದಾರೆ. 1960ರ ದಶಕದ ನಮ್ಮ ಕಾರುಗಳಲ್ಲಿ ನಾಲ್ಕೂ ಗಾಲಿಗೆ ಒಂದೇ ದ್ರವದ ದಾರಿ. ಎಲ್ಲಿ ಸೋರಿದರೂ ನಾಲ್ಕೂ ಹೋದಂತೆ, ಉಳಿಯುವುದು ಹ್ಯಾಂಡ್ ಬ್ರೇಕು ಮಾತ್ರ. ಅಳತೆ ಬಲ್ಲವರಿಂದ, ಸಿಲಿಂಡರುಗಳ ಲೆಕ್ಕ ಕೂಡಿಸಿ ಮಾಡಿಸುವುದಾದರೆ ಮಾಡಿಸಿ. ಹಳೆಯ ಮಾಸ್ಟರ್ ಸಿಲಿಂಡರನ್ನು ಮಾರದೆ ಬಟ್ಟೆಯಲ್ಲಿ ಸುತ್ತಿ ಇಟ್ಟುಕೊಳ್ಳಿ, ಮುಂದಿನವರು ಬೇಕಾದರೆ ಮರಳಿ ಹಾಕಿಕೊಳ್ಳಲಿ. ಮಾಡಿಸದಿದ್ದರೆ ಹ್ಯಾಂಡ್ ಬ್ರೇಕಿನ ತಂತಿಯನ್ನು ಹೊಸದಾಗಿ ಹಾಕಿಸಿ. ಹಳೆಯ ಕಾರಿನವರು ಅತಿ ಹೆಚ್ಚು ಅಸಡ್ಡೆ ಮಾಡುವ ತಂತಿ ಅದು.

ಎಲ್ಲ ಕೂಡಿಸಿದ ಮೇಲೆ, ಕೊಳವೆಯ ಗಾಳಿಯನ್ನೆಲ್ಲ ತೆಗೆದು, ಎಂಜಿನ್ ಬಂದ್ ಇರುವಾಗ ಪೆಡಲನ್ನು ಒಂದು ನಿಮಿಷ ಒತ್ತಿ ಹಿಡಿಯಿರಿ. ಅದು ನಿಂತಲ್ಲೇ ನಿಲ್ಲಬೇಕು. ಕಾಲಿನ ಕೆಳಗೆ ಮೆಲ್ಲಗೆ ಜಾರಿದರೆ ಎಲ್ಲೋ ಸೋರಿಕೆ ಇದೆ, ಹೊರಗೆ ಹನಿ ಕಾಣದಿದ್ದರೂ ಇದೆ. ನಾಲ್ಕು ಗಾಲಿಗಳ ಹಿಂದೆ ಕಾಗದ ಹಾಸಿ ಒಂದು ರಾತ್ರಿ ಬಿಡಿ. ಬೆಳಿಗ್ಗೆ ಕಾಗದ ಒಣಗಿದ್ದರೆ ಸುಗ್ಗಿ ಮುಗಿದ ಬಯಲು ಹೊಲಕ್ಕೆ ಒಯ್ದು, ಮೊದಲು ನಡಿಗೆಯ ವೇಗದಲ್ಲಿ, ಆಮೇಲೆ ಸೈಕಲ್ಲಿನ ವೇಗದಲ್ಲಿ ನಿಲ್ಲಿಸಿ ನೋಡಿ. ಗಾಡಿ ಎಡಕ್ಕೋ ಬಲಕ್ಕೋ ಎಳೆದರೆ ಮತ್ತೆ ಬಿಚ್ಚಬೇಕು. ಹೊಸ ಲೈನರು ಡ್ರಮ್ಮಿಗೆ ಹೊಂದಿಕೊಳ್ಳಲು ನೂರಿನ್ನೂರು ಕಿಲೋಮೀಟರು ಬೇಕು. ಅಲ್ಲಿಯವರೆಗೆ ಮನೆಮಂದಿಯನ್ನು ಕೂರಿಸಿಕೊಳ್ಳದೆ ಒಬ್ಬರೇ ಓಡಿಸಿ, ಪ್ರತಿ ಸಂಜೆ ಡಬ್ಬಿಯ ಮುಚ್ಚಳ ತೆಗೆದು ದ್ರವದ ಮಟ್ಟ ನೋಡಿ.